ಸಂಬಳವಿಲ್ಲದ ಪರೀಕ್ಷಕರು

ಲೋಕದಲ್ಲಿ ಕೆಲವು ಕೆಲಸಗಳಿಗೆ ಹೆಸರುಂಟು, ಹಣವಿಲ್ಲ. ಕೆಲವಕ್ಕೆ ಹಣವುಂಟು, ಹೆಸರಿಲ್ಲ. ಹಣವೂ ಬಾರದೆ, ಮಾಡಿದವರ ಹೆಸರೂ ಹೊರಬೀಳದೆ, ಆದರೆ ಮಾಡದೆ ಬಿಟ್ಟರೆ ಪರರ ಮಕ್ಕಳಿಗೆ ಕೇಡಾಗತಕ್ಕ ಕೆಲಸವೊಂದುಂಟೆಂದು ನಮಗೆ ತಿಳಿದುದು ಕಳೆದ ಬೇಸಗೆಯಲ್ಲಿ. ಅದನ್ನು ವಾಚಕ ಮಹಾಶಯರಿಗೆ ಅರಿಕೆಮಾಡುವುದೇ ಈ ಲೇಖನದ ಉದ್ದೇಶವು.

ಮೂವತ್ತು ವರ್ಷಗಳ ಹಿಂದೆ ಹೈಸ್ಕೂಲಿನಲ್ಲಿ ನಮ್ಮ ಕೈಯಲ್ಲಿ ಓದಿದ ಹೆಣ್ಣುಮಗಳೊಬ್ಬಳು ಈಗ ಅಮೆರಿಕದ ಒಂದು ವಿಶ್ವವಿದ್ಯಾನಿಲಯದಲ್ಲಿ ಶಾಲಾ ಮನಶ್ಶಾಸ್ತ್ರದ ಅಧ್ಯಾಪಕಿಯಾಗಿರುವಳು. ರಜೆಗೆಂದು ಊರಿಗೆ ಬಂದವಳು ಎರಡು ದಿನ ನಮ್ಮ ಮನೆಯಲ್ಲಿಯೂ ಇದ್ದಳು. ಮೊದಲನೆಯ ರಾತ್ರಿ ಊಟವಾಗಿ ಎಲ್ಲರೂ ಮಲಗಿದ ಬಹಳ ಹೊತ್ತಿನ ಮೇಲೆಯೂ ನಡುಮನೆಯಲ್ಲಿ ದೀಪವುರಿಯುತ್ತಿತ್ತು. ಎದ್ದು ನೋಡಲಾಗಿ ಆಕೆ ಲ್ಯಾಪ್‌ಟಾಪಿನ ಮುಂದೆ ಕುಳಿತು ಏನನ್ನೋ ಓದುತ್ತ, ಪಕ್ಕದ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದಳು.

“ಏನಮ್ಮಾ, ರಜೆಯಲ್ಲಿಯೂ ಕಾಲೇಜಿನ ಕೆಲಸವೆ?” ಎಂದೆವು.

“ಕಾಲೇಜಿನದಲ್ಲ ಮೇಷ್ಟ್ರೇ, ಒಂದು ಪತ್ರಿಕೆಯದು. ಅದರ ಸಂಪಾದಕ ಮಂಡಲಿಯಲ್ಲಿ ನಾನೂ ಒಬ್ಬಳು. ಯಾರೋ ಬರೆದ ಪ್ರಬಂಧ. ಅಚ್ಚಿಗೆ ಯೋಗ್ಯವೋ ಅಲ್ಲವೋ ನೋಡಿ ಹೇಳಬೇಕು. ನಾಡಿದ್ದು ಗಡುವು.”

ಅಷ್ಟರಲ್ಲಿ ಎಚ್ಚರಗೊಂಡ ನಮ್ಮ ಮನೆಯವರು ಒಳಗಿನಿಂದಲೇ, “ಅದಕ್ಕೆ ಎಷ್ಟು ಕೊಡುತ್ತಾರೆ?” ಎಂದು ಕೇಳಿದರು.

“ಏನೂ ಕೊಡುವುದಿಲ್ಲಮ್ಮ. ವರ್ಷದ ಕೊನೆಗೆ ಒಂದು ವಂದನೆಯ ಕಾಗದ ಬರುತ್ತದೆ” ಎಂದು ಆಕೆ ನಕ್ಕಳು.

“ಹಾಗಾದರೆ ನಿದ್ದೆಗೆಡುವುದೇಕೆ?” ಎಂದರು ನಮ್ಮ ಮನೆಯವರು. ಗೃಹಸ್ಥರೆಲ್ಲರೂ ಕೇಳತಕ್ಕ ಪ್ರಶ್ನೆಯೇ ಅದು.

ನಾವು ಕುತೂಹಲದಿಂದ ಬಗ್ಗಿ ನೋಡಹೋದೆವು. ಆಕೆ ಮೆಲ್ಲನೆ ಮುಚ್ಚಳವನ್ನು ಮಡಿಸಿ, “ಕ್ಷಮಿಸಿ ಮೇಷ್ಟ್ರೇ, ಅಚ್ಚಾಗುವವರೆಗೆ ಇದನ್ನು ಯಾರಿಗೂ ತೋರಿಸುವಂತಿಲ್ಲ. ಬರೆದವರು ಯಾರೆಂದು ನನಗೂ ತಿಳಿಯದು, ಓದುವವಳು ನಾನೆಂದು ಅವರಿಗೂ ತಿಳಿಯದು” ಎಂದಳು. ಪಬ್ಲಿಕ್ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಬರಿಯ ಸಂಖ್ಯೆ ನೋಡಿ ತಿದ್ದಿದ ನಮಗೆ ಆ ಮಾತು ಒಡನೆ ಮನದಟ್ಟಾಯಿತು. ಆ ಪ್ರಬಂಧದ ವಿಷಯವನ್ನು ಬಿಟ್ಟು, ಕೆಲಸದ ಕ್ರಮವನ್ನು ಮಾತ್ರ ಆಕೆ ಮರುದಿನ ನಮಗೆ ಬಿಡಿಸಿ ಹೇಳಿದಳು.

ಶಾಲಾ ಮನಶ್ಶಾಸ್ತ್ರವೆಂದರೇನೆಂಬುದನ್ನು ಮೊದಲು ಹೇಳಬೇಕು. ಓದು ಹತ್ತದ ಮಗು, ಲೆಕ್ಕವೆಂದರೆ ಬೆವರುವ ಮಗು, ಒಂದೆಡೆ ಕೂರಲಾರದ ಮಗು, ಯಾರೊಡನೆಯೂ ಬಾಯಿಬಿಡದ ಮಗು—ಇಂಥವರಿಗೆ ಏತರಿಂದ ಹೀಗಾಯಿತು, ಯಾವ ಉಪಾಯದಿಂದ ನೆಟ್ಟಗಾಗುವುದು ಎಂದು ವಿಚಾರಿಸುವ ಶಾಸ್ತ್ರವದು. ಅದರ ಹುಟ್ಟಿನಲ್ಲಿ ಒಬ್ಬ ಉಪಾಧ್ಯಾಯಿನಿಯ ಕೈಯುಂಟೆಂಬುದು ನಮ್ಮ ವೃತ್ತಿಯವರಿಗೆ ಹೆಮ್ಮೆಯ ಸಂಗತಿ. 1896ರಲ್ಲಿ ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ ಮಾರ್ಗರೆಟ್ ಮಗೈರ್ ಎಂಬ ಶಾಲಾ ಉಪಾಧ್ಯಾಯಿನಿಯು, ಕಾಗುಣಿತ ಹಿಡಿತಕ್ಕೆ ಬಾರದ ಹದಿನಾಲ್ಕು ವಯಸ್ಸಿನ ಹುಡುಗನೊಬ್ಬನನ್ನು ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ಲೈಟ್ನರ್ ವಿಟ್ಮರ್ ಎಂಬ ಪ್ರಾಧ್ಯಾಪಕರ ಬಳಿಗೆ ಕರೆದೊಯ್ದಳು. ಮನಸ್ಸಿನ ಶಾಸ್ತ್ರವು ನಿಜವಾದ ಶಾಸ್ತ್ರವಾಗಿದ್ದರೆ ಈ ಹುಡುಗನಿಗೆ ಅದರಿಂದ ಪ್ರಯೋಜನವಾಗಬೇಕಷ್ಟೆ ಎಂಬುದು ಆಕೆಯ ಭಾವ. ವಿಟ್ಮರರು ಪರೀಕ್ಷಿಸಲಾಗಿ ಹುಡುಗನ ದೃಷ್ಟಿಯಲ್ಲಿ ದೋಷವು ಕಂಡುಬಂದಿತು. ಕನ್ನಡಕ ಕೊಡಿಸಿ, ಬೇರೆಯಾಗಿ ಪಾಠ ಹೇಳಿಸಲು, ಅವನ ಓದು ಸುಧಾರಿಸಿತು. ಅದೇ ವರ್ಷ ವಿಟ್ಮರರು ಮಕ್ಕಳಿಗಾಗಿ ತಮ್ಮ ಮನಶ್ಶಾಸ್ತ್ರೀಯ ಚಿಕಿತ್ಸಾಲಯವನ್ನು ತೆರೆದರು. 1907ರಲ್ಲಿ ಅಂಥ ಮಕ್ಕಳ ವೃತ್ತಾಂತಗಳಿಗಾಗಿಯೇ ಒಂದು ಪತ್ರಿಕೆಯನ್ನು ಹೊರಡಿಸಿದರು. ಅದು 1935ರವರೆಗೆ ನಡೆದು ನಿಂತಿತು.

ಶಾಲಾ ಮನಶ್ಶಾಸ್ತ್ರವೆಂಬ ಹೆಸರನ್ನೇ ಹೊತ್ತ ಪತ್ರಿಕೆಯು ಅಮೆರಿಕದಲ್ಲಿ 1963ರಲ್ಲಿ ಹುಟ್ಟಿತು. 1964ರಲ್ಲಿ ಮತ್ತೊಂದು, 1972ರಲ್ಲಿ ಇನ್ನೊಂದು ಸೇರಿದವು. ಇವು ಮನೆಮಂದಿ ಓದುವ ಪತ್ರಿಕೆಗಳಲ್ಲ. ಆದರೆ ಇವುಗಳಲ್ಲಿ ಅಚ್ಚಾದ ಮಾತು ಉಪಾಧ್ಯಾಯರ ತರಬೇತಿ ಪುಸ್ತಕಕ್ಕಿಳಿಯುವುದು. ಅಲ್ಲಿಂದ ಶಾಲೆಗೆ, ಶಾಲೆಯಿಂದ ಮಗುವಿನ ವರದಿಗೆ, ವರದಿಯಿಂದ ತಂದೆತಾಯಿಗಳ ಕಿವಿಗೆ ಬೀಳುವುದು. ಕೆರೆಯ ನೀರು ಕಾಲುವೆಗಿಳಿದು ಗದ್ದೆಗೆ ಹರಿಯುವಂತೆಯೇ ಇದು. ಕೆರೆ ಕೆಟ್ಟರೆ ಗದ್ದೆಯವನಿಗೆ ತಿಳಿಯುವುದು ಬೆಳೆ ಹಾಳಾದ ಮೇಲೆ. ಆದಕಾರಣ ತೂಬಿನ ಬಳಿ ಕಾವಲು ಬೇಕು. ಆ ಕಾವಲೇ ಸಂಪಾದಕ ಮಂಡಲಿ.

ಕಾವಲಿನ ಕ್ರಮವು ಹೀಗೆ. ಪ್ರಬಂಧವು ಮೊದಲು ಸಂಪಾದಕರನ್ನು ತಲುಪುವುದು. ಪತ್ರಿಕೆಗೆ ಸಲ್ಲದುದನ್ನು ಅವರು ಅಲ್ಲಿಂದಲೇ ಹಿಂದಿರುಗಿಸುವರು. ಉಳಿದುದನ್ನು, ಎಷ್ಟೋ ಪತ್ರಿಕೆಗಳಲ್ಲಿ ಬರೆದವರ ಹೆಸರನ್ನು ತೆಗೆದು, ಆ ವಿಷಯ ಬಲ್ಲ ಇಬ್ಬರಿಗೋ ಮೂವರಿಗೋ ಕಳುಹಿಸುವರು. ಇವರಲ್ಲಿ ಮಂಡಲಿಯ ಸದಸ್ಯರುಂಟು, ಹೊರಗಿನವರೂ ಉಂಟು. ಕೆಲವು ವಾರಗಳ ಗಡುವಿನೊಳಗೆ ಇವರು ಓದಿ, ಗುಣದೋಷಗಳನ್ನು ಬರೆದು, ಸ್ವೀಕರಿಸಬಹುದು, ತಿದ್ದಿಸಬೇಕು, ತಿರಸ್ಕರಿಸಬೇಕು ಎಂಬುದರಲ್ಲಿ ಯಾವುದೆಂದು ಅಭಿಪ್ರಾಯ ಕೊಡುವರು. ತೀರ್ಪು ಸಂಪಾದಕರದು. ಬಂದಹಾಗೆಯೇ ಅಚ್ಚಿಗೆ ಹೋಗುವ ಪ್ರಬಂಧವು ಅಪರೂಪ. ಒಪ್ಪಿತವಾದುವುಗಳಲ್ಲಿ ಬಹುಪಾಲು ಒಂದೆರಡು ಸಲ ತಿದ್ದಿಸಿಕೊಂಡು ಬಂದುವೇ. ಬರೆದವರು ತಮ್ಮ ಗೆಳೆಯರೆಂದೋ ಶಿಷ್ಯರೆಂದೋ ಊಹೆಯಾದರೆ, ‘ಇದನ್ನು ನಾನು ನೋಡಲಾಗದು’ ಎಂದು ಹಿಂದಿರುಗಿಸುವುದು ಸದಸ್ಯರ ಧರ್ಮ.

ಓದುವಾಗ ಕೇಳಬೇಕಾದ ಪ್ರಶ್ನೆಗಳನ್ನು ಆಕೆ ಬೆರಳೆಣಿಸಿ ಹೇಳಿದಳು. ಎಷ್ಟು ಮಕ್ಕಳನ್ನು ನೋಡಿದಿರಿ? ಅವರನ್ನು ಆರಿಸಿದುದು ಹೇಗೆ? ಹೊಸ ಪಾಠಕ್ರಮದಿಂದ ಓದು ಸುಧಾರಿಸಿತೆನ್ನುವಿರಿ. ಆ ಕ್ರಮವಿಲ್ಲದ ಮಕ್ಕಳನ್ನೂ ಪಕ್ಕದಲ್ಲಿಟ್ಟು ನೋಡಿದಿರಾ, ಅಥವಾ ಆರು ತಿಂಗಳು ದೊಡ್ಡವರಾದುದರಿಂದಲೇ ಸುಧಾರಿಸಿದರೆ? ಅಂಕ ಕೊಟ್ಟವರಿಗೆ ಯಾರು ಯಾವ ಗುಂಪಿನವರೆಂದು ಮೊದಲೇ ತಿಳಿದಿತ್ತೆ? ನಡುವೆ ಬಿಟ್ಟುಹೋದ ಮಕ್ಕಳೆಷ್ಟು? ತಂದೆತಾಯಿಗಳ ಒಪ್ಪಿಗೆಯಿತ್ತೆ? ಹತ್ತು ಅಳತೆಗಳನ್ನು ಮಾಡಿ, ಗೆದ್ದ ಎರಡನ್ನು ಮಾತ್ರ ಹೇಳುತ್ತಿರುವಿರೋ? ಕೊನೆಯದಾಗಿ, ಅಂಕಿಗಳು ಹೊರಲಾರದ ಭಾರವನ್ನು ನಿಮ್ಮ ನಿರ್ಣಯವು ಅವುಗಳ ಮೇಲೆ ಹೇರಿರುವುದೋ?

ಇದನ್ನೆಲ್ಲ ಕೇಳುತ್ತಿದ್ದಂತೆ ನಮಗೆ ರಾಜಶೇಖರ ಕವಿಯ ನೆನಪಾಯಿತು. ಸುಮಾರು ಸಾವಿರದ ನೂರು ವರ್ಷಗಳ ಹಿಂದಿನವನಾದ ಆತನು ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಕಾವ್ಯವನ್ನು ವಿಮರ್ಶಿಸುವವರನ್ನು ನಾಲ್ಕು ಬಗೆಯಾಗಿ ವಿಂಗಡಿಸಿರುವನು. ಯಾವುದೂ ರುಚಿಸದವನು ಅರೋಚಕಿ. ಹುಲ್ಲುಸಹಿತವಾಗಿ ಎಲ್ಲವನ್ನೂ ಉಣ್ಣುವವನು ಸತೃಣಾಭ್ಯವಹಾರಿ. ಪರರ ಗುಣವನ್ನು ಸಹಿಸದವನು ಮತ್ಸರಿ. ತತ್ತ್ವದಲ್ಲಿಯೇ ಮನಸ್ಸಿಟ್ಟವನು ತತ್ತ್ವಾಭಿನಿವೇಶಿ. ಇದನ್ನು ಹೇಳಲು ಆಕೆ ಗಟ್ಟಿಯಾಗಿ ನಕ್ಕು, “ನಾಲ್ವರೂ ನಮ್ಮ ಮಂಡಲಿಗಳಲ್ಲಿದ್ದಾರೆ ಮೇಷ್ಟ್ರೇ. ಮೊದಲ ವರ್ಷ ನಾನೂ ಅರೋಚಕಿಯೇ ಆಗಿದ್ದೆ. ತಪ್ಪು ಹುಡುಕುವುದೇ ಪಾಂಡಿತ್ಯವೆಂದುಕೊಂಡಿದ್ದೆ. ಒಮ್ಮೆ ಸಂಪಾದಕರೇ ಕಾಗದ ಬರೆದು, ‘ಇದರಲ್ಲಿ ಒಳ್ಳೆಯದೇನೆಂಬುದನ್ನೂ ಬರೆಯಿರಿ, ಬರೆದವರು ಪ್ರಾಯಶಃ ಹೊಸಬರು’ ಎಂದರು. ಅಂದಿನಿಂದ ಮೊದಲನೆಯ ಪ್ಯಾರಾದಲ್ಲಿ ಗುಣವನ್ನು ಹೇಳದೆ ದೋಷಕ್ಕೆ ಕೈಹಾಕುವುದಿಲ್ಲ” ಎಂದಳು.

ಈ ಕಾವಲು ಸಡಿಲವಾದರೆ ಏನಾಗುವುದೆಂಬುದಕ್ಕೆ ಇಂಗ್ಲೆಂಡಿನ ದೃಷ್ಟಾಂತವೊಂದನ್ನು ಹೇಳಬೇಕು. ಸಿರಿಲ್ ಬರ್ಟ್ ಎಂಬವರು 1913ರಲ್ಲಿ ಲಂಡನ್ ಕೌಂಟಿ ಕೌನ್ಸಿಲಿನಿಂದ ಶಾಲಾಮಕ್ಕಳಿಗಾಗಿ ಮನಶ್ಶಾಸ್ತ್ರಜ್ಞರಾಗಿ ನೇಮಕಗೊಂಡವರು. ಆ ದೇಶದಲ್ಲಿ ಅಂಥ ಹುದ್ದೆ ಅದೇ ಮೊದಲನೆಯದು. 1946ರಲ್ಲಿ ‘ಸರ್’ ಪದವಿಯನ್ನು ಪಡೆದವರು. ಬುದ್ಧಿಯು ಬಹುಮಟ್ಟಿಗೆ ಹುಟ್ಟಿನಿಂದಲೇ ಬರುವುದೆಂಬುದು ಅವರ ಸಿದ್ಧಾಂತ. ಅವಳಿ ಮಕ್ಕಳಲ್ಲಿ ತದ್ರೂಪಿಗಳಾದವರು ಬೇರೆಬೇರೆ ಮನೆಗಳಲ್ಲಿ ಬೆಳೆದಾಗಲೂ ಅವರ ಬುದ್ಧಿಯ ಅಂಕಗಳು ಹೊಂದಿಬರುವುವೆಂಬುದು ಅದಕ್ಕೆ ಅವರು ಕೊಟ್ಟ ಮುಖ್ಯ ಪ್ರಮಾಣ. ಪೂರ್ಣ ಹೊಂದಿಕೆಯನ್ನು 1 ಎಂದೂ, ಹೊಂದಿಕೆಯೇ ಇಲ್ಲದುದನ್ನು 0 ಎಂದೂ ಗಣಿಸುವ ಕ್ರಮವೊಂದುಂಟು. ಆ ಪ್ರಕಾರ 1955ರಲ್ಲಿ 21 ಜೋಡಿಗಳಿಂದ ಅವರಿಗೆ ದೊರೆತ ಅಂಕಿ 0.771. 1958ರಲ್ಲಿ ಜೋಡಿಗಳು 30ಕ್ಕೂ ಮೇಲಾದವು, ಅಂಕಿ 0.771. 1966ರಲ್ಲಿ 53 ಜೋಡಿಗಳಾದವು. ಅಂಕಿ ಅದೇ 0.771.

ವಾಚಕರು ಸ್ವಲ್ಪ ಆಲೋಚಿಸಬೇಕು. ಒಂದು ತರಗತಿಯಲ್ಲಿ 21 ಮಕ್ಕಳಿದ್ದಾಗ ಅಂಕಗಳ ಸರಾಸರಿ 77.1 ಬಂದಿತೆನ್ನೋಣ. ಹತ್ತು ಮಕ್ಕಳು ಸೇರಿದರು, ಸರಾಸರಿ ಚುಕ್ಕೆಯೂ ಕದಲಲಿಲ್ಲ; ಮತ್ತೆ ಇಪ್ಪತ್ತು ಮಂದಿ ಸೇರಿದರು, ಆಗಲೂ ಕದಲಲಿಲ್ಲ ಎಂದು ಉಪಾಧ್ಯಾಯನು ಬರೆದು ತಂದರೆ, ಇನ್ಸ್‌ಪೆಕ್ಟರರು ಏನು ಮಾಡುವರು? “ರಿಜಿಸ್ಟರನ್ನು ತನ್ನಿ” ಎನ್ನುವರು. ಬರ್ಟರ ಅಂಕಿಗಳಿಗೆ ಅಚ್ಚಾಗುವ ಮುನ್ನ ಅಂಥ ತಡೆಯಾಗಲಿಲ್ಲ. ಮೂರು ಸಲವೂ ಹೆಸರಾಂತ ಶಾಸ್ತ್ರಪತ್ರಿಕೆಗಳಲ್ಲಿಯೇ ಅಚ್ಚಾದ ಆ ಅಂಕಿಗಳನ್ನು ಸಂಪಾದಕರು ಹಾಯಬಿಟ್ಟರು, ಪಂಡಿತರು ಓದಿ ಉದಾಹರಿಸಿದರು. ಬರ್ಟರು 1971ರಲ್ಲಿ ತೀರಿಕೊಂಡರು. ಲಿಯೊನ್ ಕೇಮಿನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1974ರ ತಮ್ಮ ಗ್ರಂಥದಲ್ಲಿ ಈ ಅದ್ಭುತವನ್ನು ಎತ್ತಿ ತೋರಿಸಿದರು. 1979ರಲ್ಲಿ ಹೆರ್ನ್‌ಷಾ ಎಂಬವರು ಬರೆದ ಬರ್ಟರ ಜೀವನಚರಿತ್ರೆಯು, ಆ ಅಂಕಿಗಳಲ್ಲಿ ಕಲ್ಪಿತವಾದುದುಂಟೆಂದೂ, ತಾವು ಸಂಪಾದಿಸುತ್ತಿದ್ದ ಪತ್ರಿಕೆಯಲ್ಲಿ ಬರ್ಟರು ಸುಳ್ಳುಹೆಸರುಗಳಿಂದ ತಾವೇ ಬರೆಯುತ್ತಿದ್ದರೆಂದೂ ತೀರ್ಮಾನಿಸಿತು. 1989ರಲ್ಲಿಯೂ 1991ರಲ್ಲಿಯೂ ಅವರ ಪರವಾಗಿ ಗ್ರಂಥಗಳು ಹೊರಟವು. ವಂಚನೆಯೋ ಬರಿಯ ಅಜಾಗರೂಕತೆಯೋ ಎಂಬ ವಾದವು ಪೂರ್ತಿಯಾಗಿ ತೀರಿಲ್ಲ. ಆದರೆ ಆ ಅಂಕಿಗಳನ್ನು ನೆಚ್ಚಲಾಗದೆಂಬುದರಲ್ಲಿ ವಿವಾದವು ಕಡಿಮೆ.

ಇದರಿಂದ ಮಕ್ಕಳಿಗೇನು ಬಾಧಕವೆಂದು ಕೇಳಬಹುದು. 1944ರ ಶಿಕ್ಷಣ ಶಾಸನದ ತರುವಾಯ ಇಂಗ್ಲೆಂಡಿನಲ್ಲಿ ಹನ್ನೊಂದನೆಯ ವಯಸ್ಸಿನ ಪರೀಕ್ಷೆಯೊಂದರಿಂದಲೇ, ಯಾವ ಮಗು ಮೇಲಣ ವಿದ್ಯೆಯ ಶಾಲೆಗೆ, ಯಾವುದು ಸಾಮಾನ್ಯ ಶಾಲೆಗೆ ಎಂದು ಬೇರ್ಪಡಿಸುವ ಪದ್ಧತಿಯು ಬಹುಕಡೆ ನಡೆದಿತ್ತು. ಬುದ್ಧಿಯು ಹುಟ್ಟುಗುಣ, ಮುಂದೆ ಬದಲಾಗದು ಎಂಬ ನಂಬಿಕೆಯು ಅಂಥ ಪದ್ಧತಿಗೆ ಊರುಗೋಲು. ವಿಚಿತ್ರವೇನೆಂದರೆ, 1905ರಲ್ಲಿ ಮೊದಲ ಬುದ್ಧಿಪರೀಕ್ಷೆಯನ್ನು ರಚಿಸಿದ ಫ್ರಾನ್ಸಿನ ಆಲ್ಫ್ರೆಡ್ ಬಿನೆಯವರೇ, ಬುದ್ಧಿಯು ಹೆಚ್ಚಲಾರದೆಂಬ ಮಾತನ್ನು 1909ರ ತಮ್ಮ ಗ್ರಂಥದಲ್ಲಿ ಬಲವಾಗಿ ಖಂಡಿಸಿದ್ದರು.

ಮಗುವಿನ ಭಾಷೆ ಯಾವುದೆಂದು ಕೇಳದೆ ಹೋದುದರಿಂದ ಆದ ಅನ್ಯಾಯವನ್ನೂ ಆಕೆ ಹೇಳಿದಳು. ಕ್ಯಾಲಿಫೋರ್ನಿಯದಲ್ಲಿ ಮೆಕ್ಸಿಕೋ ಮೂಲದ ಒಂಬತ್ತು ಮಕ್ಕಳನ್ನು ಇಂಗ್ಲಿಷಿನಲ್ಲಿ ಪರೀಕ್ಷಿಸಿ, ಬುದ್ಧಿಮಾಂದ್ಯರೆಂದು ಬೇರೆಯ ತರಗತಿಯಲ್ಲಿ ಕೂರಿಸಿದ್ದರು. ಅವರ ಮನೆಮಾತಾದ ಸ್ಪ್ಯಾನಿಷಿನಲ್ಲಿ ಮರಳಿ ಪರೀಕ್ಷಿಸಲು, ಬಹುತೇಕ ಮಕ್ಕಳು ಆ ತರಗತಿಗೆ ಸೇರಬೇಕಾದವರೇ ಅಲ್ಲವೆಂದು ತಿಳಿದುಬಂದಿತು. ವ್ಯಾಜ್ಯವು 1970ರಲ್ಲಿ ರಾಜಿಯಾಗಿ, ಮಗುವಿನ ಭಾಷೆಯಲ್ಲಿಯೇ ಪರೀಕ್ಷೆ ನಡೆಯತಕ್ಕದ್ದೆಂಬ ಒಪ್ಪಂದವಾಯಿತು. ಈ ವಿವೇಕವು ನಮ್ಮವರಲ್ಲಿ ಮೊದಲೇ ಇತ್ತೆಂಬುದನ್ನು ಕೇಳಿ ನಮಗೆ ಸಂತೋಷವಾಯಿತು. ವಿ. ವಿ. ಕಾಮತರು ಬಿನೆಯವರ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಅವರವರ ಭಾಷೆಯಲ್ಲಿ ಅಳವಡಿಸಿ, 1934ರಲ್ಲಿ ಬ್ರಿಟನ್ನಿನ ಶಿಕ್ಷಣ ಮನಶ್ಶಾಸ್ತ್ರ ಪತ್ರಿಕೆಯಲ್ಲಿ ಪ್ರಬಂಧವನ್ನೂ, 1940ರಲ್ಲಿ ಗ್ರಂಥವನ್ನೂ ಪ್ರಕಟಿಸಿದರು. ಬಿನೆ–ಕಾಮತ್ ಪರೀಕ್ಷೆಯೆಂಬ ಹೆಸರು ನಮ್ಮ ದೇಶದಲ್ಲಿ ಇಂದಿಗೂ ಕೇಳಬರುವುದು.

“ಆದರೆ ಮೇಷ್ಟ್ರೇ, ಅದರ ಅಳತೆಗೋಲನ್ನು ಕಟ್ಟಿದ್ದು ಆ ಕಾಲದ ಮಕ್ಕಳನ್ನು ನೋಡಿ. ಇಂದಿನ ಮಗುವಿಗೆ ಅದನ್ನು ಹಿಡಿದ ಪ್ರಬಂಧ ನನ್ನ ಕೈಗೆ ಬಂದರೆ, ಕಾಮತರ ಮೇಲೆ ಎಷ್ಟೇ ಗೌರವವಿದ್ದರೂ, ‘ಈ ಗೋಲು ಯಾವ ವರ್ಷದ್ದು?’ ಎಂದು ಕೇಳಲೇಬೇಕು” ಎಂದಳು. ಹಿರಿಯರು ಹೇಳಿದರೆಂಬುದೇ ಪ್ರಮಾಣವಲ್ಲವೆಂದು ನಮಗೆ ನಮ್ಮ ಶಿಷ್ಯೆಯೇ ಪಾಠ ಹೇಳಿದಂತಾಯಿತು.

ಆ ರಾತ್ರಿ ನಮಗೆ ನಿದ್ದೆ ಹತ್ತಲಿಲ್ಲ. ಅದರ ಕಾರಣವನ್ನು ವಾಚಕರಿಂದ ಮರೆಮಾಡುವುದು ತರವಲ್ಲ.

ನಾವು ವೃತ್ತಿಗೆ ಸೇರಿದ ಹೊಸದರಲ್ಲಿ ಹಳ್ಳಿಯ ಶಾಲೆಯೊಂದರಲ್ಲಿ ಐದನೆಯ ತರಗತಿಗೆ ಕನ್ನಡ ಹೇಳುತ್ತಿದ್ದೆವು. ಅಲ್ಲಿ ಒಬ್ಬ ಹುಡುಗ. ಎತ್ತರದವನಾದುದರಿಂದ ಕೊನೆಯ ಸಾಲಿನಲ್ಲಿ ಕೂರಿಸಿದ್ದೆವು. ಉಕ್ತಲೇಖನದಲ್ಲಿ ‘ಸಾಸಿವೆ’ ಎಂದರೆ ‘ಆವೆ’ ಎಂದು ಬರೆಯುವನು. ‘ಕಸಬರಿಗೆ’ ಎಂದರೆ ‘ಕಬರಿಗೆ’ ಎಂದು ಬರೆಯುವನು. ಕರೆದರೆ ಓಗೊಡನು, ಗದರಿದರೆ ಬೆಪ್ಪನಂತೆ ಮುಖ ನೋಡುವನು. ಸಂಸ್ಕೃತದಲ್ಲಿ ಶಿಕ್ಷಾಶಾಸ್ತ್ರವನ್ನೂ ಓದಿ, ಅಕ್ಷರಗಳ ಸ್ಥಾನಪ್ರಯತ್ನಗಳನ್ನು ಕಂಠಪಾಠ ಮಾಡಿದ್ದ ನಾವು, ಅವನು ಬಿಡುತ್ತಿದ್ದುದು ಯಾವ ಅಕ್ಷರವೆಂದು ಒಂದು ದಿನವೂ ನೋಡಲಿಲ್ಲ. ವರ್ಷಾಂತ್ಯದ ವರದಿಯಲ್ಲಿ ‘ಮಂದಬುದ್ಧಿ, ಮುಂದಿನ ಓದಿನಿಂದ ಪ್ರಯೋಜನವಿಲ್ಲ’ ಎಂದು ಚೆನ್ನಾದ ಅಕ್ಷರದಲ್ಲಿ ಬರೆದೆವು. ಮುಖ್ಯೋಪಾಧ್ಯಾಯರು ಓದದೆ ರುಜು ಹಾಕಿದರು. ಆ ಜೂನ್ ತಿಂಗಳಲ್ಲಿ ಹುಡುಗನು ಶಾಲೆಗೆ ಬರಲಿಲ್ಲ. ವಿಚಾರಿಸಲಾಗಿ, “ಮೇಷ್ಟ್ರೇ ಬರೆದುಕೊಟ್ಟ ಮೇಲೆ ಇನ್ನೇನು ಸ್ವಾಮಿ” ಎಂದು ತಂದೆಯು ಕೈಮುಗಿದನು.

ಹತ್ತು ಹನ್ನೆರಡು ವರ್ಷ ಕಳೆದ ಮೇಲೆ ಸಂತೆಯಲ್ಲಿ ತರಕಾರಿ ಮಾರುತ್ತಿದ್ದ ಅವನನ್ನು ಕಂಡೆವು. ನಾವು ಮಾತನಾಡಿಸಲು, ಅವನು ತಲೆಯನ್ನು ಓರೆಮಾಡಿ ಬಲಗಿವಿಯನ್ನು ಮುಂದಕ್ಕೆ ತಂದು, “ಗಟ್ಟಿಯಾಗಿ ಹೇಳಿ ಮೇಷ್ಟ್ರೇ. ಚಿಕ್ಕಂದಿನಿಂದಲೂ ಕಿವಿ ಸೋರುತ್ತದೆ” ಎಂದನು. ಎಡಗಿವಿಯಲ್ಲಿ ಹತ್ತಿ ತುರುಕಿತ್ತು. ಏಳು ಬಗೆಯ ಕಾಯಿಪಲ್ಯ, ಅರ್ಧ ಕಿಲೋ ಕಾಲು ಕಿಲೋ ಬೆರೆತು ತೂಗಿದುದಕ್ಕೆ, ಕಾಗದ ಮುಟ್ಟದೆ ಲೆಕ್ಕ ಕಟ್ಟಿ ಚಿಲ್ಲರೆ ಕೊಟ್ಟನು. ಮನೆಗೆ ಬಂದು ಬರೆದು ಕೂಡಿ ನೋಡಿದೆವು. ಒಂದು ಪೈಸೆಯ ವ್ಯತ್ಯಾಸವಿರಲಿಲ್ಲ.

ವಿಟ್ಮರರ ಹುಡುಗನನ್ನು ಅವನ ಉಪಾಧ್ಯಾಯಿನಿಯು ಕೈಹಿಡಿದು ಕರೆದೊಯ್ದಳು. ನಮ್ಮ ಹುಡುಗನಿಗೆ ನಾವು ಒಂದು ಮಾತನ್ನು ಬರೆದುಕೊಟ್ಟೆವು. ಆ ಮಾತಿನ ಮೇಲೆ ಮಸಿ ಒಣಗುವ ಮುನ್ನ, ‘ನಿಮಗೆ ಹೇಗೆ ತಿಳಿಯಿತು? ಕಿವಿ ನೋಡಿಸಿದಿರಾ?’ ಎಂದು ಕೇಳುವ ಒಬ್ಬನಿದ್ದಿದ್ದರೆ! ಮರುದಿನ ಬೆಳಗ್ಗೆ ಇದನ್ನು ಆಕೆಗೆ ಹೇಳಿದೆವು. ಆಕೆ ಬಹಳ ಹೊತ್ತು ಮಾತನಾಡಲಿಲ್ಲ. ಅನಂತರ, “ನಾವು ಮಾಡುವುದೂ ಅಷ್ಟೇ ಮೇಷ್ಟ್ರೇ. ಪ್ರಬಂಧ ಬರೆದವರು ಮಾತನಾಡಬಲ್ಲರು, ಸಂಪಾದಕರೂ ಮಾತನಾಡಬಲ್ಲರು. ಪ್ರಬಂಧದೊಳಗಿರುವ ಮಗು ಮಾತ್ರ ಮಾತನಾಡಲಾರದು. ಅದರ ಪರವಾಗಿ ಒಬ್ಬರು ಕೇಳಬೇಕಲ್ಲ” ಎಂದಳು. ನಮ್ಮ ಮನೆಯವರ ಪ್ರಶ್ನೆಗೆ ಉತ್ತರವು ಆಗ ದೊರೆಯಿತು.

ಈ ಕಾವಲಿನಿಂದ ಎಲ್ಲವೂ ಸರಿಹೋಗುವುದೆಂದು ನಾವು ಹೇಳುವುದಿಲ್ಲ. ಬರೆದವನು ಬೇಕೆಂದೇ ಸುಳ್ಳು ಹೇಳಿದರೆ ಓದುವವರಿಗೆ ಅದು ಸುಲಭವಾಗಿ ಸಿಕ್ಕದು. ಬಿಡುವಿಲ್ಲದ ಸದಸ್ಯರು ಮೇಲೆಮೇಲೆ ನೋಡಿ ಒಪ್ಪಿಸುವುದೂ ಉಂಟು. ಒಳ್ಳೆಯ ಪ್ರಬಂಧವು ಮತ್ಸರಿಯ ಕೈಗೆ ಸಿಕ್ಕಿ ಹಾಳಾಗುವುದೂ ಉಂಟು. ಆದರೂ ಕಾವಲೇ ಇಲ್ಲದ ತೂಬಿಗಿಂತ ತೂಕಡಿಸುವ ಕಾವಲೇ ಲೇಸು. ಎಚ್ಚರವಿರುವ ಕಾವಲಂತೂ ಪುಣ್ಯ.

ಗೃಹಸ್ಥರಾದ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ. ನಾವಾರೂ ಅಂಥ ಮಂಡಲಿಗಳಲ್ಲಿ ಕೂರತಕ್ಕವರಲ್ಲ. ಆದರೆ ಮನೆಯ ಮಗುವಿನ ವಿಷಯದಲ್ಲಿ ಶಾಲೆಯಿಂದಾಗಲಿ ಚಿಕಿತ್ಸಾಲಯದಿಂದಾಗಲಿ ಒಂದು ಮಾತೋ ಒಂದು ಅಂಕಿಯೋ ಬಂದಾಗ, ವಿನಯದಿಂದ ನಾಲ್ಕು ಪ್ರಶ್ನೆಗಳನ್ನು ಕೇಳಬಹುದು: ಇದು ನಿಮಗೆ ಹೇಗೆ ತಿಳಿಯಿತು? ಯಾವ ಭಾಷೆಯಲ್ಲಿ ಕೇಳಿದಿರಿ? ಯಾವ ಕಾಲದ, ಯಾವ ಮಕ್ಕಳೊಡನೆ ಹೋಲಿಸಿದಿರಿ? ಕಣ್ಣು ಕಿವಿಗಳನ್ನು ಮೊದಲು ನೋಡಿಸಿದಿರಾ? ಬಲ್ಲವರು ಈ ಪ್ರಶ್ನೆಗಳಿಂದ ಕೋಪಗೊಳ್ಳರು. ಕೋಪಗೊಂಡರೆ ಇನ್ನೊಬ್ಬರನ್ನು ಕೇಳುವುದು ಲೇಸು. ಉಪಾಧ್ಯಾಯ ಬಂಧುಗಳಲ್ಲಿಯೂ ಒಂದು ಮಾತು: ಮಗುವಿನ ಹೆಸರಿನ ಮುಂದೆ ವಿಶೇಷಣವನ್ನು ಬರೆಯುವ ಮುನ್ನ, ಅದನ್ನು ಒಂದು ರಾತ್ರಿ ಇಟ್ಟುಕೊಂಡು ಮರುದಿನ ಓದಿರಿ.

ಆಕೆ ಹೊರಟ ದಿನ ಬೆಳಗಿನ ಜಾವಕ್ಕೆ ತನ್ನ ಅಭಿಪ್ರಾಯವನ್ನು ಕಳುಹಿಸಿದ್ದಳು. ಏನೆಂದು ಬರೆದಳೋ ನಾವು ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ನಮ್ಮ ಮನೆಯವರು ಚಟ್ನಿಪುಡಿಯ ಡಬ್ಬಿಯೊಂದನ್ನು ಅವಳ ಚೀಲದಲ್ಲಿ ತುರುಕಿ, “ಅವರು ಕೊಡದಿದ್ದರೆ ಬೇಡ, ಇದು ನಿನ್ನ ಸಂಬಳ” ಎಂದರು.